ಯಾರ ಎಡ?

ಲುಎಲ್ಲಾ ಕುಬಿಚೆಕ್ ಬರೆದ ಚೀಟಿಯನ್ನು ಇನ್ನೊಬ್ಬರು ಪರೀಕ್ಷಿಸುವ ಪದ್ಧತಿ ನೆಬ್ರಾಸ್ಕಾದ ಆ ದನಗಳ ಸಂಶೋಧನಾ ಕೇಂದ್ರದಲ್ಲಿ ಇರಲಿಲ್ಲ. ಮಾಂಸದ ಲ್ಯಾಬಿನಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದವಳು. ಗಂಡ ತೀರಿಕೊಂಡ ವಾರವೂ ಅವಳದೊಂದು ಚೀಟಿ ತಪ್ಪಿರಲಿಲ್ಲ. ಅವಳು ಸಂಪಾದಿಸಿದ್ದು ಆ ಹೆಸರೊಂದನ್ನೇ. ಅದರ ಜಂಬವೂ ಸ್ವಲ್ಪ ಇತ್ತು, ಇಲ್ಲವೆನ್ನಬಾರದು.

ಆ ವರ್ಷದ ಪ್ರಯೋಗ ಕೇಳಲು ಸುಲಭ. ಕೊಂದ ಹೋರಿಯ ಬೆನ್ನಿನ ಎಡಗಡೆಯ ಮಾಂಸಕ್ಕೆ ಲುಎಲ್ಲಾ ಸೂಜಿಯಿಂದ ಕ್ಯಾಲ್ಸಿಯಂ ನೀರು ಏರಿಸಬೇಕು. ಬಲಗಡೆಯದನ್ನು ಹಾಗೇ ಬಿಡಬೇಕು. ಗರಗಸದವನು ಮೈಯನ್ನು ಉದ್ದಕ್ಕೆ ಸೀಳಿ, ಅವಳು ಬರೆದುಕೊಟ್ಟ ‘ಎಡ’, ‘ಬಲ’ ಚೀಟಿಗಳನ್ನು ಹೋಳುಗಳಿಗೆ ಕಟ್ಟಬೇಕು. ಕ್ಯಾಲ್ಸಿಯಂ ಸಿಕ್ಕರೆ ಮಾಂಸದೊಳಗಿನ ಒಂದು ಪ್ರೋಟೀನು ಎಚ್ಚೆತ್ತು ಉಳಿದ ಪ್ರೋಟೀನುಗಳ ಎಳೆಗಳನ್ನು ಕತ್ತರಿಸುತ್ತದೆ, ಮಾಂಸ ಮೆತ್ತಗಾಗುತ್ತದೆ ಎಂಬುದು ಡಾಕ್ಟರ್ ಓಡೆಗಾರ್ಡ್ ಅವರ ನಂಬಿಕೆ. ಎರಡು ವಾರದ ನಂತರ ನೋಡಿದರೆ, ಮೊದಲ ಇಪ್ಪತ್ತು ಹೋರಿಗಳಲ್ಲಿ ಹಾಗೇ ಆಗಿತ್ತು. ಆಮೇಲಿನ ಇಪ್ಪತ್ತರಲ್ಲಿ ಎಲ್ಲವೂ ಉಲ್ಟಾ, ‘ಬಲ’ವೇ ಮೆತ್ತಗೆ. ಕೂಡಿಸಿದರೆ ಸೊನ್ನೆ. ಡಾಕ್ಟರು ಕೈಚೆಲ್ಲಿ, ಪ್ರಯೋಗ ನಿಲ್ಲಿಸುವ ವರದಿಗೆ ನಾಳೆ ಸಹಿ ಹಾಕುತ್ತೇನೆ ಎಂದುಬಿಟ್ಟಿದ್ದರು.

ಲುಎಲ್ಲಾ ಬೆಳಗಿನ ಕಾಫಿಯನ್ನು ಅರ್ಧಕ್ಕೇ ಬಿಟ್ಟೆದ್ದಳು. ಏರುಪೇರಾಗುವುದು ಮಾಂಸದ ಗುಣ. ಇಷ್ಟು ಅಚ್ಚುಕಟ್ಟಾಗಿ ಉಲ್ಟಾ ಆಗುವುದು ಮಾತ್ರ ಮನುಷ್ಯರ ಕೆಲಸ. ಅವಳು ಏಪ್ರನ್ ಕೂಡ ತೊಡದೆ ಕಸಾಯಿಖಾನೆಗೆ ನಡೆದಳು.

ಇಪ್ಪತ್ತೊಂದನೆಯ ಹೋರಿಯ ವಾರವೇ ಹಳೆಯ ಗರಗಸದವನು ವರ್ಜಿಲ್ ನಿವೃತ್ತನಾಗಿದ್ದ. ಅವನ ಜಾಗಕ್ಕೆ ಗ್ವಾಟೆಮಾಲಾದ ಹಸಿಂತೋ ಬಂದ; ನಿಂತು ಸೀಳಲು ಹೊಸ ಕಟ್ಟೆಯೂ ಬಂತು. ವರ್ಜಿಲ್ ಹೊಟ್ಟೆಯ ಕಡೆ ನಿಂತು ಸೀಳುತ್ತಿದ್ದ. ತಲೆಕೆಳಗಾಗಿ ತೂಗುವ ದನದ ಎಡ, ಅವನ ಎಡಗೈ ಕಡೆಗೇ ಬರುತ್ತಿತ್ತು. ಹೊಸ ಕಟ್ಟೆ ಇದ್ದದ್ದು ಬೆನ್ನಿನ ಕಡೆ.

“ಹಸಿಂತೋ, ‘ಎಡ’ ಚೀಟಿ ಯಾವ ಹೋಳಿಗೆ ಕಟ್ತೀಯಪ್ಪಾ?”

“ಇದಕ್ಕೆ, ದೋನ್ಯಾ.” ದೋನ್ಯಾ ಎಂದರೆ ಅವನ ಭಾಷೆಯಲ್ಲಿ ಅಮ್ಮಾವ್ರು. ಅವನು ತನ್ನ ಎಡಗೈ ಪಕ್ಕದ ಹೋಳನ್ನು ತಟ್ಟಿದ.

“ಅದು ದನದ ಬಲ ಕಣೋ.”

ಹಸಿಂತೋನ ಮುಖ ಕಪ್ಪಿಟ್ಟಿತು. “ಮೊದಲ್ನೇ ದಿನಾನೇ ಕೇಳಿದ್ನಲ್ಲ, ಯಾರ ಎಡ, ನಂದೋ ದನದ್ದೋ ಅಂತ. ‘ನೆಬ್ರಾಸ್ಕಾದಲ್ಲಿ ಇರೋದು ಒಂದೇ ಎಡ, ಸುಮ್ನೆ ಕಟ್ಟು ಮಾರಾಯ’ ಅಂತ ನಕ್ಬಿಟ್ರಿ. ದೋನ್ಯಾ, ನನ್ ಕೆಲಸ ಇನ್ನೂ ಖಾಯಂ ಆಗಿಲ್ಲ.”

ಹೌದು, ಅಂದಿದ್ದಳು. ಸುತ್ತ ನಿಂತವರೂ ನಕ್ಕಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಫ್ರೀಜರಿನಿಂದ ಆ ಇಪ್ಪತ್ತರ ತುಂಡುಗಳನ್ನು ತೆಗೆದು ಬೆಳಕಿಗೆ ಹಿಡಿದಳು. ಸೂಜಿಯ ತೂತುಗಳಿದ್ದದ್ದು ‘ಬಲ’ ಎಂಬ ಚೀಟಿಯವುಗಳಲ್ಲಿ. ಹೊಸಬ ತಪ್ಪು ಕಟ್ಟಿದ ಎಂದರೆ ಸಾಕು, ಎಲ್ಲರೂ ನಂಬುತ್ತಾರೆ. ಅವಳ ಹೆಸರಿಗೆ ಕೂದಲೂ ಕೊಂಕದು. ಡಾಕ್ಟರ ಕೋಣೆಯ ಮೆಟ್ಟಿಲು ಹತ್ತುವವರೆಗೂ ಆ ಯೋಚನೆ ಅವಳನ್ನು ಬಿಡಲಿಲ್ಲ. ಅದಕ್ಕಾಗಿ ತನ್ನ ಮೇಲೇ ಅಸಹ್ಯಪಟ್ಟುಕೊಂಡಳು.

“ಡಾಕ್ಟ್ರೇ, ನೀವು ನಂಬಿದ್ದು ಸರಿ ಇದೆ, ಚೀಟಿ ತಪ್ಪಾಗಿದೆ,” ಎಂದು ಎರಡು ತುಂಡುಗಳನ್ನು ಅವರ ಮುಂದಿಟ್ಟಳು. “ನಂದೇ ಎಡವಟ್ಟು.”

“ಕಟ್ಟಿದ್ದು ಗರಗಸದವನು ತಾನೆ?”

“ಅವನು ಕೇಳ್ದ. ನಾನು ನಕ್ಕೆ.”

ಓಡೆಗಾರ್ಡ್ ತೂತುಗಳನ್ನು ನೋಡಿದರು, ವರದಿಯನ್ನು ನೋಡಿದರು. ಮುಖ ಅರಳಿತು. “ಪ್ರಯೋಗ ಉಳೀತು ಲುಎಲ್ಲಾ. ಇಪ್ಪತ್ತು ಸಾಲು ತಿದ್ದಿದ್ರಾಯ್ತು. ಅವನಿಗೇನೂ ಆಗಲ್ಲ, ನಿಮಗೂ ಅಷ್ಟೆ.”

ಅವಳು ಹಗುರಾಗಿ ಹೊರಟಳು. ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟಿದ್ದಳು. ಹಿಂದಿನಿಂದ ಡಾಕ್ಟರು, ಈಗಷ್ಟೇ ಹೊಳೆದವರಂತೆ, ಮೆಲ್ಲಗೆ ಕೇಳಿದರು:

“ವರ್ಜಿಲ್‌ಗಿಂತ ಮುಂಚೆ ಇದ್ದೋರು ಯಾವ ಕಡೆ ನಿಲ್ತಿದ್ರು?”

ಮೂವರಿದ್ದರು; ಹಳೆಯ ಪ್ರಯೋಗಗಳಲ್ಲೆಲ್ಲ ಅವಳ ‘ಎಡ’, ‘ಬಲ’ ಚೀಟಿ ಕಟ್ಟಿದವರು ಅವರೇ. ಒಬ್ಬನ ಕೆಂಪು ಟೋಪಿ ನೆನಪಾಯಿತು, ಇನ್ನೊಬ್ಬನ ಸಿಳ್ಳೆ, ಮತ್ತೊಬ್ಬನಿಗೆ ಬೆರಳೊಂದು ಇಲ್ಲದ್ದು. ಹೊಟ್ಟೆಯ ಕಡೆಯೋ ಬೆನ್ನಿನ ಕಡೆಯೋ, ಎಷ್ಟು ತಡಕಿದರೂ ಸಿಗಲಿಲ್ಲ.

“ಗೊತ್ತಿಲ್ಲ ಡಾಕ್ಟ್ರೇ,” ಎಂದಳು.