ಒಣಗಿದ ಹೊಟ್ಟಿಗೆ ಚಿಮುಕಿಸಿದ ನೀರು

ಕೊಡಿಗೇನಹಳ್ಳಿಯ ಹೊರಗಿನ ರಬ್ಬರ್ ಮ್ಯಾಟ್ ಶೆಡ್ಡಿನಲ್ಲಿ ಕ್ಯಾತಮ್ಮನಿಗೆ ಒಂದೇ ಕೆಲಸ, ಮರದ ಹೊಟ್ಟು ಒಣಗಿಸುವುದು. ಮಧುಗಿರಿಯ ಸಾಮಿಲ್ಲುಗಳಲ್ಲಿ ಯಾರಿಗೂ ಬೇಡವಾಗಿ ಬಿದ್ದ ಹೊಟ್ಟು ಇಲ್ಲಿಗೆ ಮೂಟೆಗಟ್ಟಲೆ ಬರುತ್ತದೆ. ಜರಡಿ ಹಿಡಿದು, ಕಾದ ತಗಡಿನ ಮೇಲೆ ಗರಿಗರಿ ಒಣಗಿಸಿ ರಬ್ಬರಿಗೆ ಬೆರೆಸಿದರೆ ರಬ್ಬರೂ ಉಳಿಯಿತು, ಹಸು ಮಲಗುವ ಮ್ಯಾಟೂ ಗಟ್ಟಿಯಾಯಿತು. ಅರ್ಧ ಆಯುಸ್ಸು ಕುರಿ ಹಿಂದೆ ಅಲೆದ ಹೆಂಗಸು, ಬೆರಳಲ್ಲಿ ಮುಟ್ಟಿಯೇ ಹೊಟ್ಟಿನ ಪಸೆ ಹೇಳುತ್ತಿದ್ದಳು. ಅಂಥವಳೇ ಆ ಶುಕ್ರವಾರ ಎಡವಿದಳು, ನೋಡಿ!

ನೀರು ಚಿಮುಕಿಸದೆ ಪೊರಕೆ ಮುಟ್ಟಿದವಳೇ ಅಲ್ಲ ಅವಳು. ಧೂಳು ಏಳಬಾರದೆಂದು ಶೆಡ್ಡಿಗೆಲ್ಲ ಚಿಮುಕಿಸುತ್ತ ಹೋದವಳು, ಒಣಗಿಸಿಟ್ಟ ಗುಡ್ಡೆಯೂ ಧೂಳೆಬ್ಬಿಸುತ್ತಿದೆಯೆಂದು ಅದಕ್ಕೂ ಎರಡು ಚೊಂಬು ಎರಚಿಬಿಟ್ಟಳು. ಅಂಗಳ ಗುಡಿಸಿ ಪಳಗಿದ ಕೈ, ಯೋಚಿಸಿ ಮಾಡುತ್ತದೆಯೇ?

ನೆನಪಾಗುವಷ್ಟರಲ್ಲಿ ಹೊಟ್ಟು ರಬ್ಬರಿಗೆ ಸೇರಿ, ರಬ್ಬರು ಮ್ಯಾಟ್ ಒತ್ತುವ ಬಿಸಿ ಪ್ರೆಸ್ಸಿಗೆ ಹೋಗಿ, ಪ್ರೆಸ್ಸಿನ ಬಾಯಿ ಮುಚ್ಚಿಯಾಗಿತ್ತು. ಪ್ರೆಸ್ ನಡೆಸುವ ಗೌರೀಶ್ ಗಡಿಯಾರ ನೋಡುತ್ತ ನಿಂತಿದ್ದ. ಹನ್ನೆರಡು ನಿಮಿಷಕ್ಕೆ ತೆಗೆಯಬೇಕು. ಪಸೆಯಿದ್ದರೆ ಒಳಗೆ ಆವಿ ಕಟ್ಟಿಕೊಂಡು, ಬಾಯಿ ತೆರೆದೊಡನೆ ಸುಡುವ ರಬ್ಬರು ಮುಖಕ್ಕೇ ಸಿಡಿಯುತ್ತದೆ. ಹೋದ ವರ್ಷ ಕದಿರಯ್ಯನೆಂಬ ಕೆಲಸಗಾರನ ಕಣ್ಣು ಹೋದದ್ದು ಹಾಗೆಯೇ. ಹಸಿ ಹೊಟ್ಟು ಕೊಟ್ಟವಳನ್ನು ಅವತ್ತೇ ಮನೆಗೆ ಕಳಿಸಿದ್ದರು.

ಕ್ಯಾತಮ್ಮ ಗಡಿಯಾರ ನೋಡಿದಳು, ಗೌರೀಶನ ಮುಖ ನೋಡಿದಳು. ಹೇಳಿದರೆ ತನ್ನ ಕೆಲಸ, ಹೇಳದಿದ್ದರೆ ಅವನ ಕಣ್ಣು. ಎರಡು ಚೊಂಬು ತಾನೇ, ಆರಿಹೋಗಿರುತ್ತೆ ಎಂದುಕೊಂಡಳು. ದೇವರೇ, ನೀನೇ ನೋಡಿಕೋ ಎಂದಳು. ದೇವರು ಬಂದು ಪ್ರೆಸ್ ನಿಲ್ಲಿಸುತ್ತಾನೆಯೇ, ಪಾಪ!

ಗೌರೀಶ್ ಹಿಡಿಗೆ ಕೈ ಹಾಕಿದ.

"ಲೇ ಗೌರೀಶಾ, ತೆಗೀಬ್ಯಾಡ ಕಣ್ಲಾ! ಹೊಟ್ಟಿಗೆ ನೀರು ಹಾಕ್ಬುಟ್ಟೆ!"

ಒತ್ತಡ ಬಿಡದೆ, ಕಾವು ಆರುವವರೆಗೆ ಕಾದು ತೆಗೆದರು. ಮ್ಯಾಟಿನ ತುಂಬ ಗುಳ್ಳೆ, ಒಂದೊಂದೂ ಅಂಗೈ ಅಗಲ. ಗೌರೀಶ್ ಅಲ್ಲೇ ಕುಕ್ಕರಿಸಿದ. ಮಾಲೀಕ ತಿಮ್ಮರಾಯಪ್ಪ ಬಂದು ನೋಡಿ, "ಮ್ಯಾಟ್ ಹೋದ್ರೆ ಹೋಗ್ಲಿ. ಬಾಯಿ ಬುಟ್ಟು ಹೇಳ್ದ್ಯಲ್ಲ, ನಾಳೆ ಕೆಲ್ಸಕ್ಕೆ ಬಾ ಕಣಮ್ಮ" ಎಂದು ಹೋದ.

"ಸರಿಯಾದ ಟೈಮಿಗೆ ನೆನಪಾಯ್ತು. ಕಣ್ಣು ಉಳಿಸ್ಬುಟ್ಟೆ ಕಣವ್ವ" ಎಂದು ಗೌರೀಶ್ ಅವಳ ಕೈ ಹಿಡಿದುಕೊಂಡ.

ಕ್ಯಾತಮ್ಮ ಕೈ ಬಿಡಿಸಿಕೊಂಡಳು. "ಆಗ ನೆನಪಾಗಿದ್ದಲ್ಲ ಕಣಪ್ಪ. ನೀನು ಪ್ರೆಸ್ ಮುಚ್ಚಿದಾಗ್ಲೇ ಆಗಿತ್ತು. ಹನ್ನೆರಡು ನಿಮಿಷ ಸುಮ್ನೆ ನಿಂತಿದ್ದೆ."

ಗೌರೀಶ್ ಎದ್ದುಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡ.