ಯಾಸ್ನಾಳ ಹಳದಿ ಬಟನ್

ಯಾಸ್ನಾ ಚಿಗುವಾಯ್ ಏನನ್ನೂ ಎಸೆಯುವವಳಲ್ಲ. ಜಾಮ್ ಮುಗಿದ ಸೀಸೆ, ಹರಿದ ಸ್ವೆಟರಿನ ಉಣ್ಣೆ, ಆಲೂಗಡ್ಡೆ ಚೀಲಕ್ಕೆ ಕಟ್ಟಿದ್ದ ದಾರ, ಎಲ್ಲಕ್ಕೂ ಅವಳ ಮನೆಯಲ್ಲಿ ಜಾಗವಿದೆ. ಚಿಲೋಯೆ ದ್ವೀಪದ ನಮ್ಮೂರಿನಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವವಳು ಅವಳೊಬ್ಬಳೇ, ಅದನ್ನೂ ಅವಳು ಇದೇ ಬುದ್ಧಿಯಿಂದ ಬರೆದಳು. ಅವಳ ಮೇಲೆ ನನಗೆ ಗೌರವವಿದೆ, ಸಿಟ್ಟೂ ಇದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿದೆ.

ನಾನು ಮತ್ತು ಅವಳ ಅಣ್ಣ ನಿಬಾಲ್ದೊ ಕಡಲಿನಲ್ಲಿ ಸಾಲ್ಮನ್ ಮೀನು ಸಾಕುವ ಕಡೆ ಮುಳುಗುಗಾರರು. ಮೇಲಿನ ಯಂತ್ರದಿಂದ ಕೊಳವೆಯಲ್ಲಿ ಗಾಳಿ ಬರುತ್ತದೆ, ಕೆಳಗೆ ನಾವು ಹರಿದ ಬಲೆ ಹೊಲಿಯುತ್ತೇವೆ. ನಾವೆಷ್ಟು ಆಳದಲ್ಲಿದ್ದೇವೆ, ಗಾಳಿಯ ಒತ್ತಡ ಎಷ್ಟಿದೆ ಎಂಬ ಅಂಕಿಗಳು ಕ್ಷಣಕ್ಷಣವೂ ನೀರ ಮೇಲಿನ ನಮ್ಮ ಕಚೇರಿಯಾದ ತೇಲುಮನೆಯ ಪರದೆಗೆ ಹರಿದು ಬರುವಂತೆ ಯಾಸ್ನಾ ಮಾಡಿದ್ದಳು. ಹೊಸ ಅಂಕಿ ಬಂದೊಡನೆ ಪರದೆ ತಾನಾಗಿ ಬದಲಾಗುತ್ತಿತ್ತು. ಗಾಳಿ ಇಳಿದರೆ ಗಂಟೆ ಹೊಡೆದುಕೊಳ್ಳುತ್ತಿತ್ತು.

ಮೇಲ್ವಿಚಾರಕ ದೋನ್ ಎಲಿಯೆಸೆರ್‌ಗೆ ಮಾತ್ರ ಅದು ತಲೆನೋವು. ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡುವ ಕೆಲಸ ಅವರದು.

"ಏನ್ ತಾಯಿ ಇದು, ಅಂಕಿಗಳೋ ಚಿಗಟಗಳೋ? ಬರ್ಕೊಳ್ಳೋಷ್ಟ್ರಲ್ಲಿ ಹಾರಿ ಹೋಗ್ತವಲ್ಲ!"

"ಒಂದು ಹಳದಿ ಬಟನ್ ಹಾಕ್ಕೊಡ್ತೀನಿ ಯಜಮಾನ್ರೇ. ಒತ್ತಿದ್ರೆ ನಿಲ್ಲತ್ತೆ, ಮತ್ತೆ ಒತ್ತಿದ್ರೆ ಬಿಟ್ಟಲ್ಲಿಂದ ಶುರುವಾಗತ್ತೆ. ಒಂದೇ ಒಂದು ಅಂಕಿನೂ ಕಳೆದುಹೋಗಲ್ಲ."

ಕೊನೆಯ ಮಾತನ್ನು ಅವಳು ಎಷ್ಟು ಹೆಮ್ಮೆಯಿಂದ ಹೇಳಿದಳೆಂದರೆ, ನಾನೂ ಏನೋ ತಿಳಿದವನಂತೆ ತಲೆಯಾಡಿಸಿದೆ.

ನಮ್ಮ ಕಡೆ ಚಳಿಗಾಲವಾದ ಜುಲೈ ತಿಂಗಳ ಒಂದು ಬೆಳಿಗ್ಗೆ, ಉತ್ತರದ ಗಾಳಿಗೆ ಕಡಲು ಉಬ್ಬುತ್ತಿತ್ತು. ಮುಳುಗಲು ಬಂದಿದ್ದವರು ನಾನು ಮತ್ತು ನಿಬಾಲ್ದೊ ಇಬ್ಬರೇ. ಮೊದಲು ಮೇಲೆ ಬಂದವನು ನಾನು. ಬಂದವನು ಕೆಳಗಿರುವವನ ಹಗ್ಗ ಹಿಡಿದು ನಿಲ್ಲಬೇಕು. ನಾಲ್ಕು ಸಲ ಜಗ್ಗಿದರೆ ಎಳೆದುಕೊಳ್ಳಿ ಎಂದರ್ಥ. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಪರದೆ ನೋಡಿಕೊಳ್ಳುತ್ತದಲ್ಲ ಎಂದುಕೊಂಡು ಹಗ್ಗವನ್ನು ಕಂಬಕ್ಕೆ ಕಟ್ಟಿ ತೇಲುಮನೆಗೆ ನಡೆದೆ.

ಒಳಗೆ ದೋನ್ ಎಲಿಯೆಸೆರ್ ಬರೆಯುತ್ತಿದ್ದರು. ಯಾವುದೋ ತಂತಿ ಬದಲಿಸಲು ಬಂದಿದ್ದ ಯಾಸ್ನಾ ಪರದೆಯ ಮುಂದೆ ಕೂತಿದ್ದಳು. ನಾನು ಮಾಟೆ ಎಂಬ ಬಿಸಿ ಸೊಪ್ಪಿನ ಕಷಾಯ ತುಂಬಿದ ಸೋರೆಬುರುಡೆ ಹಿಡಿದು, ಒಂದೆರಡು ಗುಟುಕು ಹೀರಿ, ಅವಳ ಬೆನ್ನ ಹಿಂದೆ ನಿಂತೆ. ಪರದೆಯಲ್ಲಿ ನನ್ನ ಹೆಸರಿನ ಮುಂದೆ ಹನ್ನೆರಡು ಮೀಟರ್ ಎಂದಿತ್ತು.

"ನೋಡು ಯಾಸ್ನಾ, ನಾನಿನ್ನೂ ನೀರೊಳಗೇ ಇದೀನಂತೆ. ಮೀನುಗಳು ಬಿಟ್ಕೊಟ್ಟಿಲ್ಲ."

ಅವಳು ತಿರುಗಿ ನೋಡಿದಳು. ನನ್ನ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ನಗಲಿಲ್ಲ.

"ಯಜಮಾನ್ರೇ, ಇವತ್ತು ಹಳದಿ ಬಟನ್ ಎಷ್ಟು ಸಲ ಒತ್ತಿದ್ರಿ?"

"ಮೂರು ಸಲ. ಒಂದೊಂದು ಸಲ ಮೂರು ನಿಮಿಷ ಇರಬಹುದು. ಯಾಕಮ್ಮ?"

"ಇದು ಈಗಿಂದಲ್ಲ." ಅವಳು ಪರದೆಯತ್ತ ಬೆರಳು ತೋರಿಸಿದಳು. "ನಿಲ್ಲಿಸಿದಾಗ ಬಂದಿದ್ದನ್ನೆಲ್ಲ ಕೂಡಿಟ್ಕೊಂಡು ಸಾಲಾಗಿ ತೋರಿಸ್ತಿದೆ. ನಾವು ನೋಡ್ತಿರೋದು ಒಂಬತ್ತು ನಿಮಿಷ ಹಿಂದಿಂದು. ನಮ್ಮಣ್ಣನ ಹಗ್ಗ ಯಾರ ಕೈಲಿದೆ?"

ನಿಬಾಲ್ದೊನ ಹೆಸರಿನ ಮುಂದೆ ಹಸಿರು ದೀಪವಿತ್ತು. ಗಾಳಿ ಚೆನ್ನಾಗಿದೆ ಎನ್ನುತ್ತಿತ್ತು.

ನಾನು ಬುರುಡೆ ಬಿಸಾಕಿ ಓಡಿದೆ. ಪಕ್ಕದಲ್ಲಿ ಕಟ್ಟಿದ್ದ ನಮ್ಮ ದೋಣಿ ಅಲೆಗೆ ತಿರುಗಿ, ಅವನ ಗಾಳಿ ಕೊಳವೆಯನ್ನು ಬಲೆಯ ಸುತ್ತಲಿನ ನಡೆಹಲಗೆಯ ಅಂಚಿಗೆ ಒತ್ತಿ ಹಿಡಿದಿತ್ತು. ದೋಣಿ ಅಲುಗಿದಾಗಲಷ್ಟೇ ಒಂದಿಷ್ಟು ಗಾಳಿ ಕೆಳಗೆ ಹೋಗುತ್ತಿತ್ತು. ಕಂಬದ ಹಗ್ಗ ಸುಮ್ಮನಿತ್ತು. ಎರಡೂ ಕಾಲು ಕೊಟ್ಟು ದೋಣಿಯನ್ನು ಆಚೆ ತಳ್ಳಿ, ಹಗ್ಗ ಬಿಚ್ಚಿ ಎಳೆದೆ. ಬರಲಿಲ್ಲ. ಯಾಸ್ನಾ ನನ್ನ ಹಿಂದೆಯೇ ಬಂದು ಹಗ್ಗಕ್ಕೆ ಜೋತುಬಿದ್ದು "ಅಣ್ಣಾ, ಅಣ್ಣಾ" ಎಂದು ಕಿರುಚುತ್ತಿದ್ದಳು, ಹನ್ನೆರಡು ಮೀಟರ್ ಕೆಳಗೆ ಅದು ಕೇಳಿಸುತ್ತದೆಯೇನೋ ಎಂಬಂತೆ. ಕೆಳಗೆ ಏನೋ ಸಡಿಲವಾಯಿತು. ಭಾರ ಮೇಲೆ ಬರತೊಡಗಿತು.

ಅವನ ತುಟಿ ನೀಲಿಯಾಗಿತ್ತು, ಆದರೆ ಕೆಮ್ಮುತ್ತಿದ್ದ. ಬಲೆಗೆ ಸಿಕ್ಕಿದ್ದ ಕಾಲನ್ನು ಗಾಳಿ ಬಂದ ಮೇಲೆ ಬಿಡಿಸಿಕೊಂಡಿದ್ದನಂತೆ. ಕಂಬಳಿ ಹೊದಿಸಿ ಒಲೆಯ ಪಕ್ಕ ಕೂರಿಸಿದೆವು.

"ನಾಲ್ಕು ಸಲ ಜಗ್ಗಿದೆ ಕಣೋ," ಎಂದ ನನಗೆ. "ಮತ್ತೆ ನಾಲ್ಕು ಸಲ. ಮೇಲೆ ಯಾರೂ ಇರ್ಲಿಲ್ವಾ?"

ನಾನು ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟೆ.

ಆಗ ಗಂಟೆ ಹೊಡೆದುಕೊಂಡಿತು. ಪರದೆಯಲ್ಲಿ ನಿಬಾಲ್ದೊನ ಹಸಿರು ದೀಪ ಕೆಂಪಾಗಿತ್ತು. ಹನ್ನೆರಡು ಮೀಟರ್, ಗಾಳಿ ಇಳಿಯುತ್ತಿದೆ. ದೋನ್ ಎಲಿಯೆಸೆರ್ ಗಂಟೆ ನಿಲ್ಲಿಸಲು ಎದ್ದರು. ಯಾಸ್ನಾ ಅವರ ಕೈ ಹಿಡಿದಳು.

"ಬೇಡ. ಪೂರ್ತಿ ಹೊಡ್ಕೊಳ್ಳಲಿ."

ಐದು ನಿಮಿಷಕ್ಕೂ ಹೆಚ್ಚು ಹೊಡೆದುಕೊಂಡಿತು. ಒಂದು ಅಂಕಿಯೂ ಕಳೆದುಹೋಗಿರಲಿಲ್ಲ, ಅವಳು ಹೇಳಿದ್ದ ಹಾಗೆಯೇ. ನಿಬಾಲ್ದೊ ಕಂಬಳಿಯೊಳಗಿಂದ ಪರದೆಯನ್ನೇ ನೋಡುತ್ತಿದ್ದ.

"ಇನ್ನೆಷ್ಟೊತ್ತಿಗೆ ಎಳ್ಕೊಳ್ತೀರಾ ನನ್ನ?" ಎಂದ. ತಮಾಷೆ ಮಾಡಲು ಹೊರಟಿದ್ದ. ಯಾಸ್ನಾ ಅಳತೊಡಗಿದಳು.

ಪರದೆಯ ನಿಬಾಲ್ದೊ ಸೊನ್ನೆ ಮೀಟರಿಗೆ ಬಂದ ಮೇಲೆ ಅವಳು ಕಣ್ಣೊರೆಸಿಕೊಂಡು ಕಂಪ್ಯೂಟರ್ ಹತ್ತಿರಕ್ಕೆಳೆದುಕೊಂಡಳು. ಹಳದಿ ಬಟನ್ ಮತ್ತೆ ಒತ್ತಿದ ಕೂಡಲೇ ಪರದೆ ಈ ಕ್ಷಣಕ್ಕೆ ಬರಬೇಕು, ನಡುವೆ ಬಂದದ್ದು ಹೋದರೆ ಹೋಗಲಿ ಎಂದು ಬದಲಿಸಿದಳು. ಅಂಕಿ ಕೂಡಿಡಲು ಬರೆದಿದ್ದ ಪ್ರೋಗ್ರಾಂ ಸಾಲುಗಳನ್ನು ಒಂದೊಂದಾಗಿ ಅಳಿಸಿದಳು. ಅವಳು ಏನನ್ನಾದರೂ ಎಸೆದದ್ದನ್ನು ನಾನು ಕಂಡದ್ದು ಅದೇ ಮೊದಲು.