ಒಂದು ದಿನದ ನಿರುದ್ಯೋಗ

ಬಿಸಿಲಿಗೆ ಹಾಕೋಣವೆಂದು ಈ ಬೆಳಿಗ್ಗೆ ಅವ್ವನ ಸೀರೆಗಳ ಟ್ರಂಕು ತೆರೆದೆ. ನುಸಿಗುಳಿಗೆಯ ವಾಸನೆ ಗಪ್ಪನೆ ಬಡಿಯಿತು. ನಿಮಗೆ ಆ ವಾಸನೆಗೆ ಮದುವೆಮನೆ ನೆನಪಾಗಬಹುದು; ನನಗೆ ನೆನಪಾಗುವುದು ನಮ್ಮ ವಿಶ್ವವಿದ್ಯಾಲಯದ ಸರ್ವರ್ ಕೋಣೆ. ಇಲಿಗಳು ಕೇಬಲ್ ಕಡಿಯದಿರಲೆಂದು ಅಲ್ಲಿ ಮೂಲೆಮೂಲೆಗೂ ಇದೇ ಗುಳಿಗೆ. ಇಲಿಗಳು ಹೊಂದಿಕೊಂಡವು, ನಾನೂ ಹೊಂದಿಕೊಂಡೆ.

ಕೊಟ್ಟೂರಿನಲ್ಲಿ ಓದು ಮುಗಿಸಿದ ಹೊಸದರಲ್ಲಿ ಎರಡು ಕೆಲಸ ಒಟ್ಟಿಗೇ ಬಂದಿದ್ದವು. ಒಂದು ದಾವಣಗೆರೆಯ ಖಾಸಗಿ ಕಂಪನಿಯದು, ಇನ್ನೊಂದು ವಿಶ್ವವಿದ್ಯಾಲಯದ ಸರ್ವರ್ ನೋಡಿಕೊಳ್ಳುವ ಈ ಗುತ್ತಿಗೆ ಕೆಲಸ. ತೂಗಿ ನೋಡಲು ಕೂತವರು ಸೋದರಮಾವ, ಹರಪನಹಳ್ಳಿಯಲ್ಲಿ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು.

"ಕಂಪನ್ಯಾಗ ಪಗಾರ ಡಬಲ್ ಐತಿ, ಮಾವ," ಎಂದೆ.

"ಪಗಾರ ಏನ್ ನೋಡ್ತಿ ಬಿಡವ್ವ. ಇಲ್ಲಿ ಸರ್ಕಾರದ ಮುದ್ರಿ ಐತಿ. ಇವತ್ತಲ್ಲ ನಾಳಿ ಖಾಯಂ ಮಾಡೇ ಮಾಡ್ತಾರ."

ನಮ್ಮ ಕಡೆ ಕಂಪನಿಯದು ಬರೀ ಕೆಲಸ, ಇದು ನೌಕರಿ. ನೌಕರಿಯವಳೆಂದು ಹಗರಿಬೊಮ್ಮನಹಳ್ಳಿ, ಹಡಗಲಿಗಳಿಂದ ಗಂಡಿನವರು ಬಂದರು. ಮಂಡಕ್ಕಿ, ಮಿರ್ಚಿ ತಿಂದು, ಚಹಾ ಕುಡಿದು, "ಖಾಯಂ ಆಗೈತೇನ್ರಿ?" ಎಂದು ಕೇಳಿ, ತಿಳಿಸ್ತೀವಿ ಎಂದು ಹೋದರು. ಪಾಪ, ಇನ್ನೂ ಊರು ಮುಟ್ಟಿಲ್ಲವೇನೋ.

ಖಾಯಂ ಆಗದಿರಲೆಂದು ನಮ್ಮಲ್ಲೊಂದು ಸೊಗಸಾದ ಪದ್ಧತಿಯಿದೆ. ವರ್ಷಕ್ಕೊಮ್ಮೆ ಒಂದು ದಿನ ನನ್ನನ್ನು ಕೆಲಸದಿಂದ ತೆಗೆಯುತ್ತಾರೆ. ಮರುದಿನ ಹೊಸಬಳೆಂಬಂತೆ ಸೇರಿಸಿಕೊಳ್ಳುತ್ತಾರೆ. ಸೇವೆ ಮುರಿಯಿತು, ಹಕ್ಕೂ ಮುರಿಯಿತು. ಒಮ್ಮೆ ಆ ದಿನವೇ ಫಲಿತಾಂಶದ ಹೊತ್ತಿಗೆ ಸರ್ವರ್ ಕೈಕೊಟ್ಟಿತು. ಸಾಹೇಬರು ಫೋನು ಮಾಡಿದರು: "ಮೇಡಂ, ಸ್ವಲ್ಪ ಬಂದು ಹೋಗ್ರಿ."

"ಇವತ್ತು ನಾನು ನೌಕರ್ಯಾಗ ಇಲ್ಲಲ್ರಿ, ಸರ್."

"ಅದಕ್ಕ ಹೇಳ್ದೆ. ಫ್ರೀ ಅದೀರಲ್ಲ."

ತರ್ಕಕ್ಕೆ ಸೋತು ಹೋದೆ. ನಿರುದ್ಯೋಗಿಯಾಗಿ ಅಷ್ಟು ದುಡಿದವರು ಈ ಸೀಮೆಯಲ್ಲಿ ಇನ್ನೊಬ್ಬರಿರಲಾರರು.

ಉಳಿದ ಸೌಲಭ್ಯಗಳನ್ನೂ ಹೇಳಬೇಕು. ಎರಡನೇ ಶನಿವಾರ ರಜೆ, ಪರೀಕ್ಷೆ ಇಲ್ಲದಿದ್ದರೆ. ಊರಿನವರ ಗೌರವ, ಅವರ ಮಕ್ಕಳ ಅಂಕಪಟ್ಟಿ ಸಿಗುವವರೆಗೆ. ಆಸ್ಪತ್ರೆ ಖರ್ಚು ಮಾತ್ರ ನಮ್ಮ ನಮ್ಮದೇ. ಅವ್ವ ಈಗ ಗೋಡೆ ಹಿಡಿದು ನಡೆಯುತ್ತಾಳೆ. ಮೊಣಕಾಲಿಗೆ ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿ ಬಹಳ ದಿನವಾಯಿತು. ಈಗ ಮತ್ತೊಂದು ಕಂಪನಿ ಕರೆದಿದೆ. ತಂದೆತಾಯಿಗೂ ವಿಮೆ ಕೊಡುತ್ತದೆ. ನಾಳೆಯೊಳಗೆ ಉತ್ತರ ಹೇಳಬೇಕು.

ನಿನ್ನೆ ಬಂದಿದ್ದ ಮಾವನಿಗೆ ಅಂಜುತ್ತಲೇ ವಿಷಯ ಹೇಳಿದೆ. ಸರ್ಕಾರದ ಮುದ್ರೆಯ ಪುರಾಣ ಶುರುವಾಗುತ್ತದೆಂದು ಕಾದೆ. ಅವರು ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡರು.

"ನಾನು ಭಾಳ ವರ್ಷ ಬದಲಿ ಕಂಡಕ್ಟರ್ ಇದ್ದೆ," ಎಂದರು. "ಯಾರರ ರಜಾ ಹಾಕಿದ್ರ ಅವತ್ತು ನನಗ ಡ್ಯೂಟಿ. ಖಾಯಂ ಆದ ದಿನ ಪೇಡೆ ತಗೊಂಡು ಮನಿಗೆ ಬಂದೆ. ತಿನ್ನಾಕ ನಿಮ್ಮತ್ತಿ ಇರಲಿಲ್ಲ. ಹಿಂದಿನ ವರ್ಷನ ಹೋಗಿದ್ಲು. ದವಾಖಾನಿಗೆ ಖಾಯಂ ಆದಮ್ಯಾಲೆ ತೋರಿಸೋಣು ಅಂತ ಕುಂತಿದ್ವಿ."

ಅತ್ತೆ ಕಾಯಿಲೆಯಿಂದ ಹೋದರೆಂದು ಗೊತ್ತಿತ್ತು. ಕಾಯುತ್ತಾ ಹೋದರೆಂದು ಗೊತ್ತಿರಲಿಲ್ಲ. ನನಗೆ ಅಳು ಬಂತು.

ಸೀರೆಗಳನ್ನು ಹಗ್ಗದ ಮೇಲೆ ಹರವಿ ಒಳಗೆ ಬಂದು ಕಂಪನಿಗೆ ಒಪ್ಪಿಗೆ ಬರೆದು ಕಳಿಸಿದೆ. ನಂತರ ಮಾವನಿಗೆ ಫೋನು ಮಾಡಿದೆ.

"ಹೂಂ ಅಂದೇನವ್ವ?"

"ಹೂಂ ಅಂದೆ, ಮಾವ."

"ನಿಮ್ಮವ್ವಗ ಕೊಡು," ಎಂದರು. ಫೋನು ಕೊಟ್ಟೆ. ಅವ್ವ ಕೇಳಿಸಿಕೊಂಡು ಕಣ್ಣೊರೆಸಿಕೊಂಡಳು. ಆಮೇಲೆ ಗೋಡೆ ಹಿಡಿದು ಎದ್ದು, ಡಾಕ್ಟರ ಹತ್ತಿರ ಯಾವತ್ತು ಹೋಗೋಣ ಎಂದು ಕೇಳಿದಳು.